ಏಳನೇ ಗೂಡಿನ ವೆಗಾ

ಲೆಸ್ಕೊ, 3 ಫೆಬ್ರವರಿ 2024

ಗ್ದಿನ್ಯಾದ ಪರೀಕ್ಷಾ ಕಪಾಟಿನ ಮೇಲ್ವಿಚಾರಕರಿಗೆ,

ಮೊದಲು ತಪ್ಪೊಪ್ಪಿಗೆ, ಆಮೇಲೆ ಮಿಕ್ಕಿದ್ದು. ನಾಲ್ಕು ವರ್ಷಗಳ ಹಿಂದೆ ನಾನು ನಿಮ್ಮ ತಂಡಕ್ಕೆ ಸುಳ್ಳು ವರದಿ ಕಳಿಸಿದ್ದೆ. ನಿಮ್ಮ ಜಾಲತಾಣದಲ್ಲಿ ವೆಗಾ 220 ಲ್ಯಾಪ್‌ಟಾಪಿನ ಹೆಸರಿನ ಮುಂದೆ ‘ಹೊಸ ಆವೃತ್ತಿ ಹಾಕಿ ನೋಡಿದ್ದೇನೆ, ಯಂತ್ರ ಸರಿಯಾಗಿ ಏಳುತ್ತದೆ – ಯಾ. ಸ್ರೋಕಾ’ ಎಂದು ಇದೆಯಲ್ಲ, ಆ ಸ್ರೋಕಾ ನಾನೇ. ನಾನು ಹಾಕಿಯೂ ನೋಡಿರಲಿಲ್ಲ, ಯಂತ್ರ ಎದ್ದೂ ಇರಲಿಲ್ಲ. ಆ ದಿನ ನನ್ನ ವೆಗಾ ಮೇಜಿನ ಮೇಲೆ ನಾಲ್ಕು ತುಂಡಾಗಿ ಬಿದ್ದಿತ್ತು. ಯಾರೂ ವರದಿ ಕಳಿಸದಿದ್ದರೆ ಆ ಮಾದರಿಯನ್ನು ಪಟ್ಟಿಯಿಂದ ತೆಗೆಯುತ್ತಾರೆ ಎಂದು ಓದಿದ್ದೆ. ಹಿಂದಿನ ಆವೃತ್ತಿಯಲ್ಲಿ ಎದ್ದಿತ್ತು, ಇದರಲ್ಲಿ ಏಳದೆ ಎಲ್ಲಿ ಹೋದೀತು ಎಂದುಕೊಂಡು ಬರೆದುಬಿಟ್ಟೆ.

ಇದನ್ನು ಮಿಂಚಂಚೆಯಲ್ಲಿ ಕಳಿಸಬಹುದಿತ್ತು. ಆದರೆ ಸುಳ್ಳು ಹೇಳಿದ್ದೇ ಒಂದು ಗುಂಡಿ ಒತ್ತಿ. ಒಪ್ಪಿಕೊಳ್ಳುವುದೂ ಅಷ್ಟೇ ಸಲೀಸಾಗುವುದು ನನಗೆ ಸರಿ ಕಾಣಲಿಲ್ಲ. ಇದು ಐದನೇ ಹಾಳೆ. ಮೊದಲ ನಾಲ್ಕು ಒಲೆಗೆ ಹೋದವು.

ಈಗ ವಿಷಯಕ್ಕೆ ಬರುತ್ತೇನೆ. ನೀವು ಜನರ ಹತ್ತಿರ ಹಳೆಯ ಕಂಪ್ಯೂಟರ್ ಕೇಳುತ್ತಿದ್ದೀರಿ ಎಂದು ನಿನ್ನೆ ನೋಡಿದೆ. ಯಂತ್ರಕ್ಕೆ ವಿದ್ಯುತ್ ಬಂದ ಕೂಡಲೇ ಎಲ್ಲಕ್ಕಿಂತ ಮೊದಲು ಕಣ್ಣು ಬಿಡುವ ಆ ಪುಟ್ಟ ತಂತ್ರಾಂಶವನ್ನು, ಅಂದರೆ ಫರ್ಮ್‌ವೇರನ್ನು, ಎಷ್ಟೋ ಊರುಗಳ ಜನ ಸೇರಿ ದಿನಾ ತಿದ್ದುತ್ತಾರೆ. ಒಬ್ಬ ತನ್ನ ಯಂತ್ರಕ್ಕೆಂದು ಒಂದು ಸಾಲು ಬದಲಿಸಿದರೆ ಇನ್ನೊಬ್ಬನ ಯಂತ್ರ ಹೆಣವಾಗುತ್ತದೆ. ಅದಕ್ಕೆ ನೀವು ನಿಜವಾದ ಹಳೆಯ ಯಂತ್ರಗಳನ್ನು ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿ, ಪ್ರತಿದಿನ ಮಧ್ಯಾಹ್ನ ಹೊಸ ತಿದ್ದುಪಡಿಯನ್ನು ಅವುಗಳಿಗೆ ತಾನೇ ತಾನಾಗಿ ತುಂಬಿಸಿ, ಎದ್ದರೆ ಹಸಿರು, ಏಳದಿದ್ದರೆ ಕೆಂಪು ಎಂದು ಜಾಲತಾಣದಲ್ಲಿ ಹಾಕುತ್ತೀರಿ. ಇದನ್ನು ಓದುವಾಗ ನಾನು ಕುರ್ಚಿಯಲ್ಲಿ ಕೂತಿರಲಿಲ್ಲ, ಕೋಣೆಯಲ್ಲಿ ಓಡಾಡುತ್ತಿದ್ದೆ. ಯಾರ ಮಾತನ್ನೂ ನಂಬಬೇಕಾಗಿಲ್ಲದ ಕಪಾಟು!

ಆಮೇಲೆ ಕೆಳಗಿನ ಪಟ್ಟಿ ಕಂಡಿತು. ಯಾವ ಮಾದರಿಯ ಯಂತ್ರ ಕಪಾಟಿನಲ್ಲಿಲ್ಲವೋ, ಮೇ 31ರೊಳಗೆ ಸತತ ನಾಲ್ಕು ವಾರ ಹಸಿರಾಗಿರುವುದಿಲ್ಲವೋ, ಅದರ ಹೆಸರು ಹೋಗುತ್ತದೆ. ಮೂರನೇ ಸಾಲಿನಲ್ಲಿ ವೆಗಾ 220.

ನಮ್ಮ ಊರಿನಲ್ಲಿ ಅರವತ್ತಮೂರು ವೆಗಾಗಳಿವೆ. ಒಂದು ಕಚೇರಿ ಎಸೆದದ್ದನ್ನು ನಾನು ಗುಜರಿಯಿಂದ ಎತ್ತಿ, ರಿಪೇರಿ ಮಾಡಿ, ನಿಮ್ಮ ಮುಂದಿನ ಆವೃತ್ತಿಗಳ ಫರ್ಮ್‌ವೇರ್ ತುಂಬಿ ಹಂಚಿದ್ದು. ಗ್ರಂಥಾಲಯದಲ್ಲಿ ಒಂಬತ್ತು, ಸ್ವಯಂಸೇವಕ ಅಗ್ನಿಶಾಮಕ ದಳದಲ್ಲಿ ಮೂರು, ಮಹಿಳಾ ಸಂಘದಲ್ಲಿ ಐದು, ಉಳಿದವು ಮನೆಗಳಲ್ಲಿ. ಪ್ರತಿಯೊಬ್ಬರಿಗೂ ‘ಹತ್ತು ವರ್ಷ ನಿಶ್ಚಿಂತೆ’ ಎಂದು ಮಾತು ಕೊಟ್ಟಿದ್ದೇನೆ. ಪಟ್ಟಿಯಿಂದ ಹೆಸರು ಹೋದರೆ ನಾಳೆ ಯಾರೋ ಕಳ್ಳದಾರಿ ಕಂಡುಹಿಡಿದಾಗ ಇವುಗಳಿಗೆ ಬೀಗ, ಅಂದರೆ ಅದನ್ನು ಮುಚ್ಚುವ ತಿದ್ದುಪಡಿ, ಬರುವುದಿಲ್ಲ. ನನ್ನ ಮಾತು ಅರವತ್ತಮೂರು ಯಂತ್ರಗಳಲ್ಲಿ ಒಟ್ಟಿಗೆ ಮುರಿಯುತ್ತದೆ.

ನನ್ನ ಬಳಿ ಇನ್ನೂ ಹನ್ನೊಂದು ವೆಗಾ ಇವೆ. ಒಂದನ್ನು ಕಳಿಸಲೇ? ಸುಳ್ಳು ಹೇಳಿದವರಿಂದ ತೆಗೆದುಕೊಳ್ಳುವುದಿಲ್ಲ ಎಂದರೆ ಬೇರೆ ಯಾರ ಹೆಸರಿನಲ್ಲಾದರೂ ಕಳಿಸುತ್ತೇನೆ. ಅದನ್ನೂ ಮುಂಚೆಯೇ ಹೇಳಿದ್ದೇನೆ, ನೋಡಿ.

ಯಾ. ಸ್ರೋಕಾ


ಗ್ದಿನ್ಯಾ, 22 ಫೆಬ್ರವರಿ 2024

ಮಾನ್ಯ ಇಂಜಿನಿಯರ್ ಸ್ರೋಕಾ ಸಾಹೇಬರಿಗೆ,

ತಮ್ಮ ಪತ್ರ ತಲುಪಿತು. ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ.

ಯಂತ್ರ ಬೇಕು. ತಮ್ಮ ಹೆಸರಿನಲ್ಲೇ ಕಳಿಸಿ. ಬ್ಯಾಟರಿ ತೆಗೆದುಬಿಡಿ, ಬೆಂಕಿಯ ಭಯ. ಪರದೆಯಿರುವ ಮುಚ್ಚಳವನ್ನು ಪೂರ್ತಿ ಕಳಚಿ. ಇಲ್ಲಿ ಪರದೆ ನೋಡುವವರು ಯಾರೂ ಇಲ್ಲ. ಯಂತ್ರಗಳು ಗೂಡುಗಳಲ್ಲಿ ಪುಸ್ತಕದ ಹಾಗೆ ನೆಟ್ಟಗೆ, ಒತ್ತೊತ್ತಾಗಿ ನಿಲ್ಲುತ್ತವೆ. ವಿದ್ಯುತ್ ಗುಂಡಿಯಿಂದ ಎರಡು ತಂತಿ ಹೊರಗೆಳೆದಿರಲಿ, ಗುಂಡಿ ಒತ್ತುವುದು ಬೆರಳಲ್ಲ, ರಿಲೇ ಎಂಬ ವಿದ್ಯುತ್ ಸ್ವಿಚ್ಚು. ಯಂತ್ರದ ಹಟ, ಚಟ ಏನಾದರೂ ಇದ್ದರೆ ಒಂದು ಚೀಟಿಯಲ್ಲಿ ಬರೆದು ಒಳಗಿಡಿ.

ದಯವಿಟ್ಟು ಫೋನ್ ಮಾಡಬೇಡಿ. ಮೂವತ್ತೊಂದು ವರ್ಷ ಹಡಗುಕಟ್ಟೆಯಲ್ಲಿ ವೈರಿಂಗ್ ಮಾಡಿ, ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದೇನೆ.

ಒಂದು ಸಣ್ಣ ಪ್ರಶ್ನೆ. ಆ ವರದಿ ಕಳಿಸಿದ ದಿನ ತಮಗೆ ನೆನಪಿದೆಯೇ? ಜಾಲತಾಣದಲ್ಲಿ ವರ್ಷ ಮಾತ್ರ ಇದೆ.

ಗೆರಾರ್ಡ್ ಕ್ರೆಫ್ಟ್


ಲೆಸ್ಕೊ, 1 ಮಾರ್ಚ್ 2024

ಮಾನ್ಯ ಕ್ರೆಫ್ಟ್ ಅವರಿಗೆ,

ಮೂರು ವಾರಕ್ಕೂ ಹೆಚ್ಚು ಅಂಚೆಯವನನ್ನು ಕಾದೆ. ನೀವು ಸಿಟ್ಟಾಗಿದ್ದೀರಿ, ಉತ್ತರ ಬರುವುದಿಲ್ಲ ಎಂದು ತೀರ್ಮಾನಿಸಿದ್ದೆ. ಆಮೇಲೆ ನೋಡಿದರೆ ಲಕೋಟೆಯ ಮೇಲೆ ‘ಇಂಜಿನಿಯರ್ ಸ್ರೋಕಾ ಸಾಹೇಬರಿಗೆ’! ಅದು ಬಂದದ್ದು ನಾನು ಕೆಲಸ ಮಾಡುವ ಗುಜರಿ ಅಂಗಳಕ್ಕೆ. ಮಾಲೀಕ ಪಾನ್ ಝೆನೆಕ್ ಕೈಗೆ ಸಿಕ್ಕಿತು. ಅಂಗಳಕ್ಕೆಲ್ಲ ಕೇಳುವ ಹಾಗೆ ಕೂಗಿದರು:

“ಏನ್ರೀ ಇಂಜಿನಿಯರ್ ಸಾಹೇಬ್ರೇ! ಆ ತಾಮ್ರದ ರಾಶಿ ಯಾವಾಗ ಬೇರೆ ಮಾಡ್ತೀರಿ? ಇಲ್ಲಾ ತಮಗೊಂದು ತಿರುಗೋ ಕುರ್ಚಿ ತರಿಸ್ಲಾ?”

“ತರಿಸಿ,” ಎಂದೆ, “ಚಕ್ರ ನಾನೇ ಹಾಕ್ಕೋತೀನಿ.”

ಈಗ ತಿದ್ದುತ್ತೇನೆ. ನಾನು ಇಂಜಿನಿಯರ್ ಅಲ್ಲ, ಸಾಹೇಬನೂ ಅಲ್ಲ: ಗಂಡಸರ ‘ಪಾನ್’ ಅಲ್ಲ, ಹೆಂಗಸರ ‘ಪಾನಿ’. ನನ್ನ ಹೆಸರು ಯಾಗ್ನಾ. ವಯಸ್ಸು ಇಪ್ಪತ್ತು. ತಾಂತ್ರಿಕ ಶಾಲೆಯನ್ನು ಎರಡನೇ ವರ್ಷದಲ್ಲಿ ಬಿಟ್ಟವಳು. ಬಿಟ್ಟ ಕಾರಣವನ್ನೂ ಬರೆಯಬೇಕು, ಇಲ್ಲದಿದ್ದರೆ ಮೊದಲ ಪತ್ರದ ತಪ್ಪೊಪ್ಪಿಗೆ ಅರ್ಧವೇ. ನಮಗೆ ವರ್ಕ್‌ಶಾಪಿನಲ್ಲಿ ನಲವತ್ತು ತಾಸು ಕೈಕೆಲಸ ಇರಬೇಕಿತ್ತು. ಆರು ತಾಸೂ ನಡೆಯಲಿಲ್ಲ. ವರ್ಷದ ಕೊನೆಗೆ ನಲವತ್ತಕ್ಕೂ ಸಹಿ ಹಾಕಿ ಎಂದರು. ಎಲ್ಲರೂ ಹಾಕಿದರು. ನಡೆಯದ ತಾಸಿಗೆ ಸಹಿ ಹಾಕುವುದಿಲ್ಲ ಎಂದು ನಾನು ಎದ್ದು ಬಂದೆ. ಮತ್ತೆ ಹೋಗಲಿಲ್ಲ. ಹಾಗೆ ಎದ್ದು ಬಂದವಳು ಐದೇ ತಿಂಗಳಿಗೆ, ನೋಡದ ಯಂತ್ರಕ್ಕೆ ‘ನೋಡಿದ್ದೇನೆ’ ಎಂದು ಬರೆದೆ. ಶಾಲೆಯವರ ಸುಳ್ಳು ಬೇರೆ, ನನ್ನ ಸುಳ್ಳು ಬೇರೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಬೇರೆ ಅಲ್ಲ.

ದಿನಾಂಕ ಕೇಳಿದ್ದೀರಿ. 2019ರ ನವೆಂಬರ್ 12. ಹನ್ನೊಂದರ ಸ್ವಾತಂತ್ರ್ಯ ದಿನದ ಮಾರನೇ ದಿನ, ಅಂಗಳದ ಬಾವುಟ ಇಳಿಸಿ ಬಂದು ಬರೆದದ್ದು. ಇದು ವಿಚಾರಣೆಯಾದರೆ ನಡೆಯಲಿ, ನಾನು ಓಡಿಹೋಗುವುದಿಲ್ಲ.

ಯಂತ್ರ ಈ ಪೆಟ್ಟಿಗೆಯಲ್ಲಿದೆ. ಬ್ಯಾಟರಿ ಇಲ್ಲ, ಮುಚ್ಚಳ ಇಲ್ಲ, ಎರಡು ತಂತಿ ಇವೆ: ಕೆಂಪು ಒಂದು, ನೀಲಿ ಒಂದು. ಸುತ್ತ ತುಂಬಿರುವುದು ನನ್ನ ತಲೆದಿಂಬಿನ ಹೆಬ್ಬಾತಿನ ಗರಿ. ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಚಟದ ಚೀಟಿ: ಇದು ತಣ್ಣಗಿರುವಾಗ ಏಳಲು ಹನ್ನೊಂದು ಸೆಕೆಂಡ್ ತೆಗೆದುಕೊಳ್ಳುತ್ತದೆ. ಗದರಬೇಡಿ.

ಯಾಗ್ನಾ ಸ್ರೋಕಾ


ಗ್ದಿನ್ಯಾ, 20 ಮಾರ್ಚ್ 2024

ಮಾನ್ಯ ಪಾನಿ ಯಾಗ್ನಾ,

ಯಂತ್ರ ತಲುಪಿತು. ಗರಿಗಳು ಇನ್ನೂ ತಲುಪುತ್ತಲೇ ಇವೆ. ನಿನ್ನೆ ಒಂದು ನನ್ನ ಸೂಪಿನಲ್ಲಿ ಸಿಕ್ಕಿತು.

ಏಳನೇ ಗೂಡಿನಲ್ಲಿ ನಿಲ್ಲಿಸಿದ್ದೇನೆ. ನಿನ್ನೆ ಮೊದಲ ದಿನ, ಹಸಿರು. ಇಂದೂ ಹಸಿರು. ಹನ್ನೊಂದು ಸೆಕೆಂಡ್ ಅಂದಿದ್ದಿರಿ, ಹನ್ನೊಂದೇ. ತಂತಿಯ ಬೆಸುಗೆ ನೋಡಿದೆ. ಯಾವ ಶಾಲೆಯೂ ಕಲಿಸುವುದಕ್ಕಿಂತ ಚೆನ್ನಾಗಿದೆ.

ವಿಚಾರಣೆ ಅಲ್ಲ. ದಿನಾಂಕ ನನಗೆ ಬೇಕಿತ್ತು, ಅಷ್ಟೇ.

ಗೆ. ಕ್ರೆಫ್ಟ್


ಲೆಸ್ಕೊ, 8 ಏಪ್ರಿಲ್ 2024

ಮಾನ್ಯ ಪಾನ್ ಗೆರಾರ್ಡ್,

ಹದಿನೇಳು ಹಸಿರು! ಎಷ್ಟು ಕುಣಿದೆ ಎಂದು ಹೇಳಲಾರೆ. ಪ್ರತಿದಿನ ಹನ್ನೆರಡೂ ಕಾಲಿಗೆ ಕೈಯಲ್ಲಿದ್ದದ್ದನ್ನು ಬಿಟ್ಟು ಮೊಬೈಲ್ ನೋಡುತ್ತಿದ್ದೆ. “ಯಾವ ಹುಡುಗನೇ ಅದು, ಮಧ್ಯಾಹ್ನ ಹನ್ನೆರಡೂ ಕಾಲಿಗೇ ಮೆಸೇಜ್ ಮಾಡೋನು?” ಎಂದು ಪಾನ್ ಝೆನೆಕ್ ಕೇಳಿದರು. “ಗ್ದಿನ್ಯಾದಲ್ಲಿದಾನೆ, ಏಳನೇ ಗೂಡಿನಲ್ಲಿ,” ಎಂದೆ. ಅವರು ತಲೆ ತುರಿಸಿಕೊಂಡು ಹೋದರು.

ಅಮ್ಮ ಹೇಳಿದ್ದು ಕೇಳಿ: “ನೀನಂತೂ ಪರೀಕ್ಷೆ ಬರೀಲಿಲ್ಲ. ನಿನ್ನ ಡಬ್ಬಾ ನೋಡು, ದಿನಾ ಬರೆದು ದಿನಾ ಪಾಸಾಗ್ತಿದೆ. ಅದನ್ನೇ ಮಗಳು ಮಾಡ್ಕೋಬೇಕಿತ್ತು.”

ಈಸ್ಟರ್ ಶನಿವಾರ ಮಂತ್ರಜಲ ಚಿಮುಕಿಸಲು ಚರ್ಚಿಗೆ ಬುಟ್ಟಿ ಒಯ್ದೆವಲ್ಲ, ಮೊಟ್ಟೆ, ಉಪ್ಪು, ಸಾಸೇಜಿನ ಕೆಳಗೆ ನಾನೊಂದು ವೆಗಾದ ಫರ್ಮ್‌ವೇರ್ ಚಿಪ್ ಇಟ್ಟಿದ್ದೆ. ಪಾದ್ರಿಗಳ ಕಣ್ಣಿಗೆ ಬಿತ್ತು.

“ಇದೇನಮ್ಮಾ, ತಿನ್ನೋದಾ?”

“ಇಲ್ಲ ಫಾದರ್. ಇದು ಸತ್ತ ಯಂತ್ರಾನ ಎಬ್ಬಿಸೋದು.”

“ಸತ್ತು ಎದ್ದವನ ಹಬ್ಬಕ್ಕೆ ತಕ್ಕದ್ದೇ ತಂದಿದೀಯ ಬಿಡು,” ಎಂದು ಅವರು ಎರಡು ಸಲ ಚಿಮುಕಿಸಿದರು. ಅಮ್ಮ ನನ್ನ ತೋಳು ಚಿವುಟಿದಳು, ನೀಲಿಗಟ್ಟಿದೆ.

ಎರಡು ಸಲ ಚಿಮುಕಿಸಿದರೂ ಶುಕ್ರವಾರ ಕೆಂಪು. ಶನಿವಾರ ಕೆಂಪು. ನಿನ್ನೆ ಕೆಂಪು. ಇವತ್ತು ಕೆಂಪು.

ಆ ನಾಲ್ಕು ದಿನದ ತಿದ್ದುಪಡಿಗಳನ್ನೆಲ್ಲ ಒಂದೊಂದಾಗಿ ನನ್ನ ಉಳಿದ ಹತ್ತೂ ವೆಗಾಗಳಿಗೆ ತುಂಬಿ ನೋಡಿದೆ. ಹತ್ತೂ ಏಳುತ್ತವೆ. ಈ ಸಲ ನಿಜವಾಗಿ ನೋಡಿದ್ದೇನೆ. ಪ್ರತಿ ಸಲದ ದಾಖಲೆ ಜೊತೆಗಿಟ್ಟಿದ್ದೇನೆ. ನನ್ನ ಬರೀ ಮಾತನ್ನು ನೀವು ಯಾಕೆ ನಂಬಬೇಕು? ಕಪಾಟಿನಲ್ಲಿ ಏನಾದರೂ ಬದಲಾಯಿತೇ? ತಂತಿ ಸಡಿಲವೇ? ಏಪ್ರಿಲ್ ಹೋಗುತ್ತಿದೆ.

ಯಾಗ್ನಾ


ಗ್ದಿನ್ಯಾ, 17 ಏಪ್ರಿಲ್ 2024

ಮಾನ್ಯ ಪಾನಿ ಯಾಗ್ನಾ,

ತಂತಿ ನೋಡಿದೆ, ಗಟ್ಟಿಯಾಗಿದೆ. ವಿದ್ಯುತ್ ಅಳೆದೆ, ಸರಿಯಿದೆ. ಕಪಾಟಿನಲ್ಲಿ ಏನೂ ಬದಲಾಗಿಲ್ಲ. ಯಂತ್ರ ಏಳಲು ಶುರು ಮಾಡುತ್ತದೆ. ಕೊನೆಗೆ ‘ಎದ್ದೆ’ ಎಂಬ ಸಂದೇಶ ಬರಬೇಕು, ಅದು ಬರುವುದಿಲ್ಲ. ನಡುವೆ ಮೌನ.

ಹಳೆಯ ಯಂತ್ರಗಳು ದಣಿಯುತ್ತವೆ. ನಾನು ದಣಿದವರನ್ನು ಬಯ್ಯುವವನಲ್ಲ. ಬೇಕಾದರೆ ಇನ್ನೊಂದು ವೆಗಾ ಕಳಿಸಿ. ಆದರೆ ಅದು ಬಂದು, ನಿಂತು, ನಾಲ್ಕು ವಾರ ಹಸಿರಾಗಲು ದಿನ ಸಾಲುವುದು ಕಷ್ಟ. ಪಟ್ಟಿಯ ನಿಯಮ ಬರೆದವನು ನಾನೇ. ನಿಮಗಾಗಿ ಅದನ್ನು ಸಡಿಲಿಸಿದರೆ ನಾಳೆ ಎಲ್ಲರಿಗೂ ಸಡಿಲಿಸಬೇಕು. ನೀವೂ ಅದನ್ನು ಒಪ್ಪುವುದಿಲ್ಲ ಎಂದುಕೊಂಡಿದ್ದೇನೆ.

ಇಲ್ಲಿ ಯಂತ್ರ ಕಳಿಸುವವರೆಲ್ಲ ನಿಮ್ಮ ಹಾಗೆ ಅಚ್ಚುಕಟ್ಟಲ್ಲ. ಈಸ್ಟರ್ ಆದಮೇಲೆ ವಿಲ್ನಿಯಸ್‌ನಿಂದ ಒಬ್ಬರು ಮುಚ್ಚಳ ಬಿಚ್ಚದೆಯೇ ಕಳಿಸಿದ್ದಾರೆ. ಎಂಟನೇ ಗೂಡಿಗೆ ಅದನ್ನು ತುರುಕುವಷ್ಟರಲ್ಲಿ ನನ್ನ ಬೆರಳ ಗೆಣ್ಣಿನ ಚರ್ಮ ಕಿತ್ತಿತು. ಜನ ಸೂಚನೆ ಓದುವುದಿಲ್ಲ.

ಒಂದು ವಿಷಯ ನಿಮಗೆ ಹೇಳಬೇಕೆಂದಿದ್ದೆ. ಈಗ ಬೇಡ. ಕೆಂಪು ಇರುವವರೆಗೆ ಅದನ್ನು ಹೇಳಲೂ ಆಗುವುದಿಲ್ಲ.

ಗೆ. ಕ್ರೆಫ್ಟ್


ಲೆಸ್ಕೊ, 30 ಏಪ್ರಿಲ್ 2024, ಮಧ್ಯಾಹ್ನ

ಪಾನ್ ಗೆರಾರ್ಡ್! ಇದು ಮಿಂಚಂಚೆ, ಕಾಗದಕ್ಕೆ ಸಮಯವಿಲ್ಲ!

ಈಗಷ್ಟೇ ಗ್ರಂಥಾಲಯದಿಂದ ಓಡಿ ಬಂದೆ. ನಾಳೆಯಿಂದ ಮೇ ರಜೆಯಲ್ಲವೇ, ಗ್ರಂಥಪಾಲಕಿ ಪಾನಿ ಹಾಲ್ಷ್ಕಾ ಒಂಬತ್ತೂ ವೆಗಾಗಳನ್ನು ಬೀರುವಿಗೆ ಸೇರಿಸುತ್ತಿದ್ದರು. ಮುಚ್ಚಿದ ಎಂಟನ್ನು ಒಂದರ ಮೇಲೊಂದು ಪೇರಿಸಿ, ತೆರೆದು ನಡೆಯುತ್ತಿದ್ದ ಒಂದನ್ನು ಮೇಲಿಟ್ಟರು. ಅದು ಕಪ್ಪಾಯಿತು.

“ನೋಡೇ ಯಾಗ್ನಾ, ಇದು ನಮ್ಮನೆಯವರ ಥರಾನೇ. ಪಕ್ಕದಲ್ಲಿ ಇನ್ನೊಬ್ರು ಒರಗಿದ್ರೆ ಸಾಕು, ನಿದ್ದೆ!”

“ಯಾವಾಗ್ಲೂ ಹೀಗಾಗತ್ತಾ?”

“ಯಾವಾಗ್ಲೂ. ಎತ್ತಿ ಮೇಜಿನ ಮೇಲಿಡು, ಏಳತ್ತೆ. ನಮ್ಮನೆಯವರು ಅದಕ್ಕೂ ಏಳಲ್ಲ.”

ಎತ್ತಿಟ್ಟೆ, ಎದ್ದಿತು. ಮತ್ತೆ ಪೇರಿಕೆಯ ಮೇಲಿಟ್ಟೆ, ಮಲಗಿತು. ಏಳು ಸಲ ಮಾಡಿದೆ.

ಪಾನ್ ಗೆರಾರ್ಡ್, ಅಯಸ್ಕಾಂತ! ಪ್ರತಿ ಲ್ಯಾಪ್‌ಟಾಪಿನ ಮುಚ್ಚಳದ ಅಂಚಿನಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತದೆ. ಮುಚ್ಚಳ ಹಾಕಿದಾಗ ಒಡಲಿನಲ್ಲಿರುವ ಕಣ್ಣು ಅದನ್ನು ಗುರುತಿಸಿ ಯಂತ್ರವನ್ನು ಮಲಗಿಸುತ್ತದೆ. ನನ್ನ ವೆಗಾಗೆ ಮುಚ್ಚಳವೇ ಇಲ್ಲ. ಆದರೆ ನಿಮ್ಮ ವಿಲ್ನಿಯಸ್‌ನವರದ್ದಕ್ಕೆ ಇದೆ! ಎಂಟನೇ ಗೂಡು, ಒತ್ತೊತ್ತಾಗಿ! ಪಕ್ಕದ ಮನೆಯ ಮುಚ್ಚಳವನ್ನು ನನ್ನದು ತನ್ನದೇ ಅಂದುಕೊಂಡಿದೆ. ಏಳುತ್ತದೆ, ‘ಎದ್ದೆ’ ಎಂದು ಹೇಳುವ ಮೊದಲೇ ಮಲಗುತ್ತದೆ. ಅದು ದಣಿದಿಲ್ಲ! ಹೇಳಿದ ಮಾತು ಕೇಳುತ್ತಿದೆ, ಅಷ್ಟೇ!

ಅವರ ಯಂತ್ರ ಬಂದ ದಿನ ಯಾವುದು? ಏಪ್ರಿಲ್ 4 ಅಲ್ಲದಿದ್ದರೆ ನನ್ನ ಹೆಸರು ಬದಲಿಸಿ. ನಾಲ್ಕು ವಾರಕ್ಕೆ ಇನ್ನು ಮೂರೇ ದಿನ ಹೆಚ್ಚುವರಿ ಇದೆ. ಗ್ದಿನ್ಯಾದಲ್ಲಿ ಎಲ್ಲರೂ ರಜೆಗೆ ಹೊರಟಿರುತ್ತಾರೆ ಎಂದು ಗೊತ್ತು. ದಯವಿಟ್ಟು.

ಯಾಗ್ನಾ


ಗ್ದಿನ್ಯಾ, 2 ಮೇ 2024

ಪಾನಿ ಯಾಗ್ನಾ,

ಏಪ್ರಿಲ್ 4. ಹೆಸರು ಇಟ್ಟುಕೊಳ್ಳಿ.

ನಿಮ್ಮ ಪತ್ರ ನೋಡಿದ್ದು ನಿನ್ನೆ ಸಂಜೆ, ಅಣ್ಣನ ತೋಟದಲ್ಲಿ, ಕೆಂಡದ ಮೇಲೆ ಸಾಸೇಜ್ ಸುಡುತ್ತಿದ್ದಾಗ. ಇಕ್ಕಳ ಅಲ್ಲೇ ಹಾಕಿ ಸೈಕಲ್ ಹತ್ತಿದೆ. ಅಣ್ಣ ಕೂಗಿದ, ಅವನು ಕೂಗಿದರೆ ನನಗೂ ಕೇಳಿಸುತ್ತದೆ:

“ಎಲ್ಲಿಗೋ ಓಡ್ತೀಯಾ ಗೆರಾರ್ಡ್? ಈ ವಯಸ್ಸಲ್ಲಿ ಹುಡುಗಿ ಕರೆದ್ಲಾ?”

“ಹೂಂ ಕಣೋ, ಲೆಸ್ಕೊದಿಂದ! ನಿದ್ದೆ ಬಿಡಿಸ್ಬೇಕಂತೆ!”

“ಯಾರದ್ದೋ?”

“ಲ್ಯಾಪ್‌ಟಾಪಿಂದು!”

“ಥೂ, ನಿನ್ನ ಹಣೇಬರಹ,” ಎಂದು ನನ್ನ ಸಾಸೇಜನ್ನೂ ಅವನೇ ತಿಂದ.

ವಿಲ್ನಿಯಸ್‌ನದನ್ನು ಹದಿನಾಲ್ಕನೇ ಗೂಡಿಗೆ ಒಯ್ದೆ. ಇವತ್ತು ಮಧ್ಯಾಹ್ನ ಹಸಿರು.

ಹನ್ನೊಂದು ಸೆಕೆಂಡ್. ಲೆಕ್ಕ ಹಾಕುತ್ತಾ ಕಪಾಟಿನ ಮುಂದೆ ನಿಂತಿದ್ದೆ. ಕಪಾಟಿನಲ್ಲಿ ಏನೂ ಬದಲಾಗಿಲ್ಲ ಎಂದು ನಿಮಗೆ ಬರೆದವನು ನಾನು! ಏಳನೇ ಗೂಡನ್ನು ಮಾತ್ರ ನೋಡಿ ಬರೆದಿದ್ದೆ. ನಿಮ್ಮನ್ನು ನಂಬದೆ, ನಿಮ್ಮ ಯಂತ್ರವನ್ನು ದೂರಿದೆ. ಇಷ್ಟು ದೊಡ್ಡ ಕಪಾಟು ಕಟ್ಟಿದವನು, ಪಕ್ಕಕ್ಕೊಂದು ಸಲ ಕಣ್ಣು ಹಾಯಿಸಲಿಲ್ಲ.

ಮೊದಲು ಕೇಳಬೇಕಾದವನು ಹಿರಿಯ, ಆದ್ದರಿಂದ ಕೇಳುತ್ತಿದ್ದೇನೆ: ಈ ಬಹುವಚನ ಸಾಕಲ್ಲವೇ? ನಾನು ಗೆರಾರ್ಡ್. ಇನ್ನು ನನ್ನನ್ನು ನೀನು ಅನ್ನು. ಈ ಸಲಿಗೆಗೆಂದು ಇಲ್ಲಿ ಒಂದು ಲೋಟ ಎತ್ತಿದ್ದೇನೆ. ಆ ಕಡೆಯಿಂದ ನೀನೂ ಎತ್ತು.

ಗೆರಾರ್ಡ್


ಲೆಸ್ಕೊ, 20 ಮೇ 2024

ಗೆರಾರ್ಡ್,

ಎತ್ತಿದೆ, ಚೆರಿ ಹಣ್ಣು ಬೇಯಿಸಿದ ಪಾನಕ, ಕಂಪೋಟ್. ‘ನೀನು’ ಎಂದು ಬರೆಯಲು ಕೈ ಬರುತ್ತಿಲ್ಲ. ನೀವು, ಅಲ್ಲ, ನೀನು ನನ್ನ ಅಪ್ಪನಿಗಿಂತ ದೊಡ್ಡವನು. ಅಭ್ಯಾಸವಾಗುತ್ತದೆ ಬಿಡು.

ಹತ್ತೊಂಬತ್ತು ಹಸಿರಾಯಿತು. ಪಾನಿ ಹಾಲ್ಷ್ಕಾ ಗ್ರಂಥಾಲಯದ ಬಾಗಿಲಿಗೆ ಇಪ್ಪತ್ತೆಂಟು ಖಾನೆಯ ಹಾಳೆ ಅಂಟಿಸಿದ್ದಾರೆ. ದಿನಾ ಮಧ್ಯಾಹ್ನ ಊಟಕ್ಕೆ ಹೋಗುವ ಯಾರಾದರೂ ಒಂದು ಹಸಿರು ಚುಕ್ಕಿ ಬರೆಯುತ್ತಾರೆ. ಮೊನ್ನೆ ಚುಕ್ಕಿ ಬರೆಯಲು ಅಗ್ನಿಶಾಮಕ ದಳದವರು ಗಾಡಿ ಸಮೇತ ಬಂದಿದ್ದರು.

ಆದರೆ ಹಾಳೆ ಅಂಟಿಸುವ ಮೊದಲು ನಾನು ಮಾಡಬೇಕಾದ ಕೆಲಸ ಒಂದಿತ್ತು. ಅರವತ್ತಮೂರು ವೆಗಾ ಇರುವ ಕಡೆಗೆಲ್ಲ ಹೋದೆ, ಸೈಕಲ್ಲಿನಲ್ಲಿ ಆರು ದಿನ ಹಿಡಿಯಿತು. ‘ಹತ್ತು ವರ್ಷ ಎಂದು ಹೇಳಿದ್ದೆ, ಅದು ನನ್ನ ಕೈಯಲ್ಲಿಲ್ಲದ ಮಾತು. ಒಮ್ಮೆ ಸುಳ್ಳು ವರದಿ ಬರೆದು ಉಳಿಸಿದ್ದೆ. ಈಗ ನಿಜವಾದ ಪರೀಕ್ಷೆ ನಡೆಯುತ್ತಿದೆ, ಸೋತರೂ ಸೋಲಬಹುದು’ ಎಂದು ಹೇಳಿದೆ. ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಮಹಿಳಾ ಸಂಘದ ಅಧ್ಯಕ್ಷೆ ಒಬ್ಬರು ಮಾತ್ರ ರೇಗಿದರು: “ಅಲ್ಲಾ ಕಣೇ, ಹದಿನಾರು ವಯಸ್ಸಿಗೆ ಹೇಳಿದ ಸುಳ್ಳನ್ನ ಇಷ್ಟು ದಿನ ಹೊಟ್ಟೇಲಿಟ್ಕೊಂಡು ಓಡಾಡಿದೆಯಾ? ನಾನು ಆ ವಯಸ್ಸಲ್ಲಿ ಹೇಳಿದ್ದನ್ನೆಲ್ಲ ಇಟ್ಕೊಂಡಿದ್ರೆ ಈ ಬಾಗಿಲಲ್ಲಿ ತೂರ್ತಿರ್ಲಿಲ್ಲ.” ಒಂದು ತಟ್ಟೆ ಪಿಯೆರೊಗಿ ಕಡುಬು ತಿನ್ನಿಸಿ ಕಳಿಸಿದರು. ಬೆಣ್ಣೆಯಲ್ಲಿ ಹುರಿದದ್ದು.

ಏನೋ ಹೇಳಬೇಕೆಂದಿದ್ದೆ ಅಂದಿದ್ದೆಯಲ್ಲ, ಕೆಂಪು ಹೋದ ಮೇಲೆ? ಕೆಂಪು ಹೋಗಿದೆ. ನಾನು ಕಾಯುವುದರಲ್ಲಿ ತುಂಬಾ ಕೆಟ್ಟವಳು.

ಯಾಗ್ನಾ


ಗ್ದಿನ್ಯಾ, 31 ಮೇ 2024

ಯಾಗ್ನಾ,

ನೀನು ನೋಡಿಯೇ ಇರುತ್ತೀಯ, ಆದರೂ ಬರೆಯುತ್ತೇನೆ, ಬರೆಯುವ ಸಂತೋಷ ನನ್ನದು. ಬುಧವಾರ ಇಪ್ಪತ್ತೆಂಟನೇ ಹಸಿರು. ಇವತ್ತು ಪಟ್ಟಿ ಮುಚ್ಚಿತು. ವೆಗಾ 220ರ ಹೆಸರು ಉಳಿಯಿತು. ಏಳನೇ ಗೂಡು ಇರುವವರೆಗೆ ಇರುತ್ತದೆ.

ಈಗ ನನ್ನ ಸರದಿ.

2019ರ ಅಕ್ಟೋಬರಿನಲ್ಲಿ ನಾನು ಹಡಗುಕಟ್ಟೆಯಿಂದ ನಿವೃತ್ತನಾದೆ. ನನ್ನ ಬಳಿಯೂ ಒಂದು ವೆಗಾ 220 ಇತ್ತು. ನವೆಂಬರ್ 14ರಂದು ಜಾಲತಾಣ ನೋಡಿದೆ. ‘ಯಂತ್ರ ಸರಿಯಾಗಿ ಏಳುತ್ತದೆ – ಯಾ. ಸ್ರೋಕಾ.’ ಎರಡು ದಿನ ಹಳೆಯ ವರದಿ. ನಾನೇ ಯಂತ್ರ ಬಿಚ್ಚಿ, ಚಿಪ್ಪಿಗೆ ಫರ್ಮ್‌ವೇರ್ ತುಂಬುವ ತಂತಿಯ ಕ್ಲಿಪ್ ಕಚ್ಚಿಸಿ, ಹೊಸ ಆವೃತ್ತಿ ತುಂಬಿದೆ. ಯಂತ್ರ ಏಳಲಿಲ್ಲ. ಇನ್ನೊಮ್ಮೆ ತುಂಬಿದೆ, ಏಳಲಿಲ್ಲ.

ಸ್ರೋಕಾ ಎಂಬವರ ಕೈಯಲ್ಲಿ ಎದ್ದಿದೆ, ನನ್ನ ಕೈಯಲ್ಲಿ ಸತ್ತಿದೆ. ಅಂದರೆ ತಪ್ಪು ಕೈಯದ್ದು. ಮೂವತ್ತೊಂದು ವರ್ಷ ಹಡಗುಗಳ ಹೊಟ್ಟೆಯಲ್ಲಿ ಕತ್ತಲಲ್ಲಿ ತಂತಿ ಜೋಡಿಸಿದ ಕೈ, ನಿವೃತ್ತಿಯಾದ ತಿಂಗಳಿಗೇ ನಡುಗಿ ಒಂದು ಚಿಪ್ ಸುಟ್ಟಿತು ಎಂದು ತಿಳಿದೆ. ಯಂತ್ರವನ್ನು ಡ್ರಾಯರಿಗೆ ಹಾಕಿ ಮುಚ್ಚಿದೆ. ಆಮೇಲೆ ಒಂದು ಚಿಪ್ಪನ್ನೂ ನನ್ನ ಕೈಯಿಂದ ಮುಟ್ಟಿಲ್ಲ. ಗುಂಡಿ ಒತ್ತಲು ರಿಲೇ, ತುಂಬಿಸಲು ಯಂತ್ರ, ಓದಲು ಯಂತ್ರ. ಈ ಕಪಾಟು ಹುಟ್ಟಿದ್ದೇ ಹಾಗೆ. ನನ್ನ ಕೈಯನ್ನು ನಂಬಲಾಗದೆ ಕಟ್ಟಿದ್ದು.

ಫೆಬ್ರವರಿಯಲ್ಲಿ ನಿನ್ನ ಪತ್ರ ಬಂತು. ಅಷ್ಟು ದಿನ ಯಾಕೆ ಉತ್ತರಿಸಲಿಲ್ಲ ಎಂದು ಈಗ ಗೊತ್ತಾಯಿತೇ? ಮೊದಲೆರಡು ದಿನ ಸಿಟ್ಟು, ಸುಳ್ಳು ಹೇಳುವುದಿಲ್ಲ. ಮೂರನೇ ದಿನ ಬೇರೊಂದು ಹೊಳೆಯಿತು: ಸ್ರೋಕಾ ಸುಳ್ಳು ಹೇಳಿದ್ದರೆ ನನ್ನ ಕೈ ಸರಿಯಿದ್ದಿರಬಹುದು! ಆದರೆ ‘ಇರಬಹುದು’ ಎಂಬುದನ್ನು ನಾನು ಕಪಾಟಿನಲ್ಲಿ ಒಪ್ಪುವುದಿಲ್ಲ. ಪರೀಕ್ಷೆಗೆ ಒಂದು ಗಟ್ಟಿ ವೆಗಾ ಬೇಕಿತ್ತು. ನಿನ್ನದು ಬಂತು, ಆಮೇಲೆ ಕೆಂಪಾಯಿತು. ಕೆಂಪಾದ ಯಂತ್ರದಿಂದ ಏನನ್ನು ಸಾಬೀತು ಮಾಡಲಿ? ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ.

ನಿನ್ನೆ ಕೊರ್ಪುಸ್ ಕ್ರಿಸ್ಟಿ ಹಬ್ಬ. ಕಿಟಕಿಯ ಕೆಳಗೆ ಮೆರವಣಿಗೆ ಹೋಗುತ್ತಿತ್ತು, ಮಕ್ಕಳು ಹೂವಿನ ಪಕಳೆ ಎರಚುತ್ತಿದ್ದರು. ನಾನು ನಿನ್ನ ವೆಗಾಗೆ 2019ರ ಆ ಆವೃತ್ತಿ ತುಂಬಿಸಿದೆ. ಕೆಂಪು. ಇಂದಿನದು ತುಂಬಿಸಿದೆ. ಹಸಿರು. ಹಳೆಯದು, ಕೆಂಪು. ಹೊಸದು, ಹಸಿರು. ಹನ್ನೆರಡು ಸಲ. ಆ ಆವೃತ್ತಿಯಲ್ಲಿ ಯಾವ ವೆಗಾವೂ ಏಳುವುದಿಲ್ಲ, ಯಾಗ್ನಾ. ಯಾರ ಕೈಯಲ್ಲೂ ಏಳುತ್ತಿರಲಿಲ್ಲ. ಮುಂದಿನ ಆವೃತ್ತಿಯಲ್ಲಿ ಆ ದೋಷ ಹೋಗಿತ್ತು, ಅದಕ್ಕೇ ನಿನಗೂ ತಿಳಿಯಲಿಲ್ಲ.

ನನ್ನ ಕೈಗೆ ಏನೂ ಆಗಿರಲಿಲ್ಲ!

ಅಣ್ಣನ ಮನೆಗೆ ಹೋಗಿ ಎರಡೂ ಕೈ ಮುಂದೆ ಚಾಚಿ ನಿಂತೆ. “ಏನೋ, ಸಾಲ ಬೇಕಾ?” ಎಂದ. “ನೋಡೋ, ನಡುಗ್ತಿದೆಯಾ?” ಎಂದೆ. “ಇಲ್ಲ. ಯಾಕೋ?” ಎಂದ. ಯಾಕೆ ಎಂದು ಹೇಳಲು ಒಂದು ತಾಸು ಹಿಡಿಯಿತು.

ಸತ್ತ ವೆಗಾ ಇನ್ನೂ ಡ್ರಾಯರಿನಲ್ಲಿದೆ. ಕಪಾಟಿಗೆ ಇಪ್ಪತ್ತಾರು ಹೊಸ ಗೂಡು ಸೇರಿಸಬೇಕಾಗಿದೆ. ಅಕ್ಕಪಕ್ಕ ನೋಡುವವರು ಒಬ್ಬರು ನನಗೆ ಬೇಕು. ಕೂಲಿ ಕೊಡುತ್ತೇವೆ, ಸರ್ಟಿಫಿಕೇಟ್ ಕೇಳುವುದಿಲ್ಲ. ನಡೆಯದ ತಾಸಿಗೆ ಸಹಿಯನ್ನೂ ಕೇಳುವುದಿಲ್ಲ. ಬೇಸಿಗೆ ಮುಗಿಯುವವರೆಗಾದರೂ ಬಾ.

ಗೆರಾರ್ಡ್


ಲೆಸ್ಕೊ, 5 ಜೂನ್ 2024

ಗೆರಾರ್ಡ್,

ರೈಲಿನ ವೇಳೆಯನ್ನು ಮೊಬೈಲಿನಲ್ಲಿ ಕಳಿಸಿದ್ದೇನೆ. ಇದು ಪೂರ್ತಿ ಉತ್ತರ. ಅಂಚೆಗೆ ಹಾಕಿದರೆ ನನಗಿಂತ ತಡವಾಗಿ ತಲುಪುತ್ತದೆ, ಆದ್ದರಿಂದ ಕೈಯಲ್ಲೇ ತರುತ್ತೇನೆ. ಬಾಯಲ್ಲಿ ಹೇಳಿದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ಇದರಲ್ಲಿ ಅರ್ಧ ಸಾಲದು.

ನಿನ್ನ ಪತ್ರ ಓದಿ ಅಂಗಳದಲ್ಲಿ ತಾಮ್ರದ ರಾಶಿಯ ಮೇಲೆ ಕೂತುಬಿಟ್ಟೆ. ನನ್ನ ಸುಳ್ಳಿನಿಂದ ಯಾರಿಗೂ ಏನೂ ಆಗಿಲ್ಲ ಎಂದು ನಾಲ್ಕು ವರ್ಷ ನಂಬಿದ್ದೆ. ಆಗಿತ್ತು. ಒಬ್ಬ ಮನುಷ್ಯ ತನ್ನ ಎರಡು ಕೈಗಳನ್ನು ಡ್ರಾಯರಿಗೆ ಹಾಕಿಟ್ಟಿದ್ದ. ಕ್ಷಮಿಸು ಎಂದು ಬರೆದರೆ ಕ್ಷಮಿಸುವ ಕೆಲಸವನ್ನೂ ನಿನಗೇ ಹೊರಿಸಿದಂತೆ. ಅದನ್ನು ಬರೆಯುವುದಿಲ್ಲ. ಅದರ ಬದಲು ನಿನ್ನೆ ಜಾಲತಾಣದಲ್ಲಿ ನನ್ನ ಹಳೆಯ ಸಾಲನ್ನು ಅಳಿಸದೆ, ಕೆಳಗೆ ಹೀಗೆ ಸೇರಿಸಿದೆ: ‘ಮೇಲಿನ ವರದಿ ಸುಳ್ಳು. ಈ ಆವೃತ್ತಿಯಲ್ಲಿ ವೆಗಾ 220 ಏಳುವುದಿಲ್ಲ. ಇದನ್ನು ನಂಬಿ ಯಂತ್ರ ಕಳೆದುಕೊಂಡವರು ಯಾರಿದ್ದರೂ, ತಪ್ಪು ನಿಮ್ಮ ಕೈಯದ್ದಲ್ಲ, ನನ್ನದು. ಯಂತ್ರ ಕಳಿಸಿ, ಎಬ್ಬಿಸಿ ಕೊಡುತ್ತೇನೆ – ಯಾಗ್ನಾ ಸ್ರೋಕಾ, ಲೆಸ್ಕೊ.’ ಈ ಸಲ ಪೂರ್ತಿ ಹೆಸರು. ಇವತ್ತು ಬೆಳಿಗ್ಗೆಗೆ ಇಬ್ಬರು ಬರೆದಿದ್ದಾರೆ. ಒಬ್ಬರು ವಿಲ್ನಿಯಸ್‌ನವರು! ಮುಚ್ಚಳ ಬಿಚ್ಚದವರೇ! ಅವರ ವೆಗಾ ಸತ್ತದ್ದರಿಂದಲೇ ಬೇರೆ ಮಾದರಿ ಕೊಂಡರಂತೆ, ಅದನ್ನೇ ನಿನಗೆ ಕಳಿಸಿದ್ದಂತೆ. ನಾನು ಅವರದನ್ನು ಮಲಗಿಸಿದ್ದಕ್ಕೆ ಅವರು ನನ್ನದನ್ನು ಮಲಗಿಸಿದರು ಎಂದು ಅಮ್ಮ ನಕ್ಕಳು.

ಅಮ್ಮ ನಗುತ್ತಾಳೆ, ನಡುನಡುವೆ ರೇಗುತ್ತಾಳೆ. “ಅಷ್ಟು ದೂರ ಹೋಗಿ ಕಪಾಟು ಒರೆಸ್ತೀಯಾ?” ಎಂದಳು. “ಕಪಾಟಿನ ಅಕ್ಕಪಕ್ಕ ನೋಡ್ತೀನಿ,” ಎಂದೆ. “ಮನೇಲಿ ಕಾಲ ಕೆಳಗಿನ ಚಪ್ಪಲಿ ಕಾಣಲ್ಲ ನಿಂಗೆ,” ಎಂದಳು. ಆಮೇಲೆ ಹೋಗಿ ಚೀಲಕ್ಕೆ ಉಪ್ಪಿನಲ್ಲಿ ಹಾಕಿದ ಸೌತೆಕಾಯಿಯ ಜಾಡಿ ತುರುಕಿದಳು, ನಿನಗಂತೆ. ತಲೆದಿಂಬಿನ ವಿಷಯ ಅವಳಿಗೆ ಗೊತ್ತಾಗಿದೆ. ಉಳಿದ ಗರಿ ವಾಪಸ್ ತರಬೇಕಂತೆ.

ಪಾನ್ ಝೆನೆಕ್ ಒಂದು ತಿರುಗುವ ಕುರ್ಚಿ ತಂದುಕೊಟ್ಟರು, ಗುಜರಿಗೆ ಬಂದದ್ದು, ಮೂರೇ ಚಕ್ರ. “ತಗೋ ಇಂಜಿನಿಯರ್,” ಎಂದರು. ಈ ಸಲ ಕೂಗಲಿಲ್ಲ. ಅದನ್ನು ರೈಲಿನಲ್ಲಿ ತರಲಾಗುವುದಿಲ್ಲ. ಪಾನಿ ಹಾಲ್ಷ್ಕಾಗೆ ಕೊಟ್ಟೆ. ಇಪ್ಪತ್ತೆಂಟು ಚುಕ್ಕಿಯ ಹಾಳೆಯನ್ನು ಅವರು ಬಾಗಿಲಿನಿಂದ ಬಿಚ್ಚಿ ನನ್ನ ಕೈಗಿಟ್ಟರು. ಅದು ಬರುತ್ತದೆ.

ಕ್ಲಿಪ್ ತರುತ್ತಿದ್ದೇನೆ, ಈಸ್ಟರ್ ಬುಟ್ಟಿಯಲ್ಲಿದ್ದ ಆ ಚಿಪ್ಪನ್ನೂ. ನಿನ್ನ ವೆಗಾವನ್ನು ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟಿರು. ಎಬ್ಬಿಸುವುದು ನಾನಲ್ಲ. ಕ್ಲಿಪ್ ಕಚ್ಚಿಸುವುದು ನಿನ್ನ ಕೈ. ನಾನು ಪಕ್ಕದಲ್ಲಿ ನಿಂತು ಹನ್ನೊಂದು ಎಣಿಸುತ್ತೇನೆ, ನಿನಗೆ ಕೇಳಿಸುವ ಹಾಗೆ.

ರೈಲು ಹಿಡಿಯಲು ನಾಳೆ ಬೆಳಿಗ್ಗೆ ಐದೂ ನಲವತ್ತರ ಬಸ್ಸಿಗೆ ಹೊರಡುತ್ತೇನೆ.

ಯಾಗ್ನಾ